ನಾಲ್ಕು ಹೆಸರಿನ ಸಾಲು

ಎಂಟು ಗಂಟೆಗೆ ಇನ್ನೆರಡು ನಿಮಿಷವಿದೆ. ಬೆಂಗಳೂರಿನ ರಾಜಭವನ ರಸ್ತೆ, ಆಕಾಶವಾಣಿಯ ಕಟ್ಟಡ, ಡ್ಯೂಟಿ ರೂಮಿನ ಮೂಲೆಯ ಮೇಜು. ಸ್ಟೀಲ್ ಲೋಟದ ಕಾಫಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ಕುಳಿತಿದ್ದೀರಿ. ಮುಂಗಾರಿನ ತೇವಕ್ಕೆ ಕಿಟಕಿಯ ಮರ ಉಬ್ಬಿದೆ. ಒಳಗಿನ ಕೋಣೆಯಿಂದ ಟೆಲಿಪ್ರಿಂಟರಿನ ಕಟಕಟ ಸದ್ದು ಬರುತ್ತಿದೆ. ಅದರ ರಿಬ್ಬನ್ನಿನ ಎಣ್ಣೆಮಸಿಯ ವಾಸನೆ ಕಾಫಿಯ ಹಬೆಯನ್ನೂ ದಾಟಿ ಮೂಗಿಗೆ ತಾಗುತ್ತದೆ.

1975ರ ಜೂನ್ 26, ಗುರುವಾರ. ಮೇಜಿನ ಮೇಲೆ ಬೆಳಗಿನ ಪತ್ರಿಕೆಗಳಿವೆ. ನಿನ್ನೆ ಸಂಜೆ ದೆಹಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶ ನಾರಾಯಣರು ಮಾಡಿದ ಭಾಷಣದ ವರದಿ ನೋಡುತ್ತೀರಿ. ಎಲ್ಲ ಎಂದಿನಂತೆಯೇ ಇದೆ. ದೆಹಲಿಯ ಬಹಾದೂರ್ ಷಾ ಜಫರ್ ಮಾರ್ಗದಲ್ಲಿ ನಿನ್ನೆ ರಾತ್ರಿ ಪತ್ರಿಕಾ ಕಚೇರಿಗಳ ಕರೆಂಟು ತೆಗೆದದ್ದು ನಿಮಗೆ ಗೊತ್ತಿಲ್ಲ. ರಾಷ್ಟ್ರಪತಿಗಳು ನಡುರಾತ್ರಿಗೆ ಸ್ವಲ್ಪ ಮುಂಚೆ ಒಂದು ಕಾಗದಕ್ಕೆ ಸಹಿ ಹಾಕಿದ್ದೂ ಗೊತ್ತಿಲ್ಲ.

ನಿಮ್ಮನ್ನು ಈ ಕುರ್ಚಿಯಲ್ಲಿ ಕೂರಿಸಿದವನು ನಾನು. ಆ ದಿನ ಇಲ್ಲಿ ನಿಜಕ್ಕೂ ಯಾರಿದ್ದರೋ ಅವರ ಕಥೆ ಇದಲ್ಲ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಸುದ್ದಿಮನೆ ಸ್ವತಂತ್ರವಾಗಿ ಇರಬಲ್ಲುದೇ ಎಂದು ನಾವು ಚಾವಡಿಯಲ್ಲಿ ಕುಳಿತು ವಾದಿಸುತ್ತೇವೆ. ಈ ಕುರ್ಚಿಯಲ್ಲಿ ಒಂದು ದಿನ ಕಳೆದ ಮೇಲೆ ವಾದಿಸೋಣ ಎಂಬುದಷ್ಟೇ ನನ್ನ ಆಸೆ. ಹೆಸರೊಂದು ಬಿಟ್ಟು ಇಲ್ಲಿ ಎಲ್ಲವೂ ನಿಮ್ಮದೇ. ನೀವು ವಾರ್ತಾ ವಾಚಕರು, ಅನುವಾದಕರೂ ಹೌದು. ಕಚೇರಿಯ ಮಾತಿನಲ್ಲಿ ಹೇಳುವುದಾದರೆ ಸ್ಟಾಫ್ ಆರ್ಟಿಸ್ಟ್: ಪೂರ್ತಿ ಸರ್ಕಾರಿ ನೌಕರರಲ್ಲ, ಹೊರಗಿನವರೂ ಅಲ್ಲ. ನಿಮ್ಮ ಅನ್ನ ಒಂದು ಒಪ್ಪಂದದ ಕಾಗದದ ಮೇಲಿದೆ. ಅದು ಮುಗಿದಾಗ ಮತ್ತೆ ಬರೆದುಕೊಡಬೇಕಾದವರು ಬೇರೆಯವರು.

ಗಡಿಯಾರದ ಮುಳ್ಳು ಎಂಟಕ್ಕೆ ಬರುತ್ತದೆ. ಗೋಡೆಯ ಸ್ಪೀಕರಿನಲ್ಲಿ ಈಗ ದೆಹಲಿಯ ವಾರ್ತೆ ಬರಬೇಕು. ಲೋಟ ತುಟಿಗೆ ತಾಗುವ ಹೊತ್ತಿಗೆ ಕೇಳುವ ದನಿ ವಾರ್ತಾ ವಾಚಕರದ್ದಲ್ಲ. ಹೆಂಗಸಿನ ದನಿ. ಗಂಭೀರ, ನಿಧಾನ. ಪ್ರಧಾನಿ ಇಂದಿರಾ ಗಾಂಧಿ. ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿ ಘೋಷಿಸಿದ್ದಾರೆ, ಗಾಬರಿಪಡುವ ಕಾರಣವಿಲ್ಲ ಎಂದು ಹೇಳುತ್ತಿದ್ದಾರೆ. ಗಾಬರಿ ಬೇಡ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹೊಟ್ಟೆಯೊಳಗೆ ಏನೋ ಜಾರಿದಂತಾಗುತ್ತದೆ. ಕಾಫಿ ಕಹಿಯಾಗುತ್ತದೆ. ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಬಾಗಿಲಲ್ಲಿ ನಿಂತ ಅಟೆಂಡರ್ ಮಾತ್ರ ಮೆಲ್ಲಗೆ, "ಸಾರ್, ಏನ್ ಸಾರ್ ಹಂಗಂದ್ರೆ?" ಎನ್ನುತ್ತಾನೆ. ನಿಮ್ಮಲ್ಲಿ ಉತ್ತರವಿಲ್ಲ.

ಅದೇ ದನಿಯನ್ನು ಅದೇ ಗಳಿಗೆಯಲ್ಲಿ, ನಿಮ್ಮಿಂದ ನಡೆದುಹೋಗುವಷ್ಟು ದೂರದಲ್ಲಿ, ಶಾಸಕರ ಭವನದ ಒಂದು ಕೋಣೆಯಲ್ಲಿ ಎಲ್. ಕೆ. ಅಡ್ವಾಣಿ ಕೇಳುತ್ತಿದ್ದಾರೆ. ಪಕ್ಷಾಂತರ ತಡೆಯುವ ಮಸೂದೆಯ ಸಂಸದೀಯ ಸಮಿತಿ ಸಭೆಗೆಂದು ಬೆಂಗಳೂರಿಗೆ ಬಂದವರು ಅವರು. ಎಂಟರ ವಾರ್ತೆಗೆಂದು ರೇಡಿಯೋ ಹಾಕಿದವರಿಗೆ ಕೇಳಿದ್ದು ಈ ದನಿ. ವಾಜಪೇಯಿಯವರೂ ಅದೇ ಭವನದಲ್ಲಿದ್ದಾರೆ. ಹತ್ತರ ಸುಮಾರಿಗೆ ಪೊಲೀಸರು ಬರುತ್ತಾರೆ.

ನಿಮ್ಮ ಮೇಜಿನ ಕಪ್ಪು ಫೋನು ಮೊಳಗುವುದು ಆಮೇಲೆ. ಪರಿಚಯದ ವರದಿಗಾರನೊಬ್ಬ ಉಸಿರು ಕಟ್ಟಿ ಹೇಳುತ್ತಾನೆ: "ನಾಲ್ಕು ಜನ ಎಂಪಿಗಳನ್ನ ಕರ್ಕೊಂಡು ಹೋದ್ರು ಕಣಪ್ಪ. ಸೆಂಟ್ರಲ್ ಜೈಲಿಗಂತೆ." ಹೆಸರುಗಳನ್ನು ಹೇಳುತ್ತಾನೆ. ನೀವು ರಸೀದಿಯೊಂದರ ಹಿಂಬದಿಗೆ ಗೀಚಿಕೊಳ್ಳುತ್ತೀರಿ. ಪೆನ್ಸಿಲಿನ ಮೊನೆ ಎರಡನೇ ಹೆಸರಿಗೆ ಮುರಿಯುತ್ತದೆ.

ಇಷ್ಟು ದಿನ ಸುದ್ದಿ ದೂರದಿಂದ ಬರುತ್ತಿತ್ತು. ದೆಹಲಿಯಿಂದ, ಸೈಗಾನಿನಿಂದ, ಢಾಕಾದಿಂದ. ಇವತ್ತು ಅದು ಪಕ್ಕದ ಬೀದಿಯಲ್ಲಿ ಆಗಿದೆ. ನಿಮ್ಮ ಕಟ್ಟಡದ ಒಂದು ಮಗ್ಗುಲಿಗೆ ರಾಜಭವನ, ಇನ್ನೊಂದು ಮಗ್ಗುಲಿಗೆ ವಿಧಾನಸೌಧ. ನಡುವೆ ನೀವು, ನಿಮ್ಮ ಮೈಕು. ಕರ್ನಾಟಕದ ಯಾವ ಹಳ್ಳಿಯ ಪಂಚಾಯ್ತಿ ಕಟ್ಟೆಯಲ್ಲೂ ಕೇಳುವ ಮೈಕು.

ಕಾಗದ ಎಳೆದುಕೊಳ್ಳುತ್ತೀರಿ. ನಡುವೆ ಕಾರ್ಬನ್ ಇಟ್ಟು ಬರೆಯುತ್ತೀರಿ. ಬೆಂಗಳೂರಿನಲ್ಲಿ ಇಂದು ಸಂಸತ್ ಸದಸ್ಯರಾದ ಶ್ರೀ ಅಟಲ್ ಬಿಹಾರಿ ವಾಜಪೇಯಿ, ಶ್ರೀ ಎಲ್. ಕೆ. ಅಡ್ವಾಣಿ, ಶ್ರೀ ಶ್ಯಾಮ್ ನಂದನ್ ಮಿಶ್ರ ಮತ್ತು ಶ್ರೀ ಮಧು ದಂಡವತೆ ಅವರನ್ನು ಬಂಧಿಸಲಾಗಿದೆ. ಒಂದೇ ಸಾಲು. ವಿಶೇಷಣವಿಲ್ಲ, ಟೀಕೆಯಿಲ್ಲ. ಓದಲು ಹನ್ನೆರಡು ಸೆಕೆಂಡು ಸಾಕು. ನೀವು ಬಾಯಲ್ಲೇ ಒಮ್ಮೆ ಓದಿ ನೋಡಿಕೊಳ್ಳುತ್ತೀರಿ. "ದಂಡವತೆ" ಎಂಬಲ್ಲಿ ನಾಲಗೆ ತಡವರಿಸದಂತೆ ಇನ್ನೊಮ್ಮೆ.

ಮಧ್ಯಾಹ್ನದ ಹೊತ್ತಿಗೆ ತಿಳಿದುಬರುತ್ತದೆ: ಪತ್ರಿಕೆಗಳ ಮೇಲೆ ಪೂರ್ವ ಸೆನ್ಸಾರ್ ಹೇರಿದ್ದಾರೆ. ಬಂಧಿತರ ಹೆಸರಾಗಲಿ, ಅವರನ್ನಿಟ್ಟ ಜಾಗವಾಗಲಿ ಅಚ್ಚಾಗುವಂತಿಲ್ಲ. ಪತ್ರಿಕೆಯ ಬಾಯಿ ಕಟ್ಟುವುದಕ್ಕೆ ಆದೇಶ ಬೇಕು, ಅದಕ್ಕೊಂದು ನಿಯಮದ ಸಂಖ್ಯೆ ಬೇಕು, ಕುಳಿತು ಪ್ರೂಫ್ ನೋಡುವ ಅಧಿಕಾರಿ ಬೇಕು. ನಿಮ್ಮ ಮನೆಗೆ ಅದೊಂದೂ ಬೇಕಿಲ್ಲ. ನೀವು ಸರ್ಕಾರದ ಒಂದು ಇಲಾಖೆ. ಒಂದು ಫೋನು ಸಾಕು.

ಆ ಫೋನು ಬರುತ್ತದೆ. ನಿಮಗಲ್ಲ, ನಿಮ್ಮ ಮೇಲಿನವರಿಗೆ. ಗಾಜಿನ ಆಚೆ ಅವರು ಎದ್ದು ನಿಂತು ಮಾತಾಡುವುದು ನಿಮಗೆ ಕಾಣುತ್ತದೆ. ಫೋನಿನಲ್ಲಿ ಮಾತಾಡುವಾಗ ಮನುಷ್ಯ ಎದ್ದು ನಿಂತರೆ ಆ ಕಡೆ ಯಾರಿದ್ದಾರೆಂದು ಕೇಳಬೇಕಿಲ್ಲ. ಅವರು ಹೊರಗೆ ಬರುತ್ತಾರೆ. ಒಳ್ಳೆಯ ಮನುಷ್ಯ. ನಿಮ್ಮ ಮಗಳ ನಾಮಕರಣಕ್ಕೆ ಬಂದು ಪಾಯಸ ಉಂಡವರು. ಬುಲೆಟಿನ್ನಿನ ಹಾಳೆಗಳನ್ನು ತಿರುವಿ, ಆ ಸಾಲಿನ ಮೇಲೆ ಬೆರಳಿಟ್ಟು, ನಿಮ್ಮ ಮುಖ ನೋಡದೆ ಹೇಳುತ್ತಾರೆ: "ಇದು ಬೇಡಪ್ಪ."

"ಸಾರ್, ನಡೆದದ್ದು ನಿಜ ಸಾರ್."

"ನಿಜ ಅಲ್ಲ ಅಂತ ನಾನೆಲ್ಲಿ ಹೇಳ್ದೆ? ಬೇಡ ಅಂದೆ."

ಬುಲೆಟಿನ್ನಿಗೆ ಇಪ್ಪತ್ತು ನಿಮಿಷವಿದೆ. ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡಿ. ಆ ಸಾಲು ಹೊಡೆದುಹಾಕಿ ಓದಬಹುದು. ತಲೆನೋವೆಂದು ಹೇಳಿ ಮನೆಗೆ ಹೋಗಬಹುದು, ಆಗ ಪಕ್ಕದ ಮೇಜಿನ ಹುಡುಗ ಹೊಡೆದುಹಾಕಿ ಓದುತ್ತಾನೆ. ಅಥವಾ ಸ್ಟುಡಿಯೋದೊಳಗೆ ಹೋಗಿ, ಕೆಂಪು ದೀಪ ಹೊತ್ತಿದ ಮೇಲೆ, ಹೊಡೆದುಹಾಕಿದ ಸಾಲನ್ನೇ ಓದಬಹುದು. ಹನ್ನೆರಡು ಸೆಕೆಂಡು. ಕಂಟ್ರೋಲ್ ರೂಮಿನವನು ಫೇಡರಿಗೆ ಕೈಹಾಕುವ ಮೊದಲು ಎರಡು ಹೆಸರಾದರೂ ಹೊರಗೆ ಹೋಗಿರುತ್ತವೆ.

ಆಮೇಲೆ? ಜೈಲಿನ ಗೋಡೆ ಇಲ್ಲಿಂದ ದೂರವಿಲ್ಲ. ಬಾಡಿಗೆ, ಹಾಲಿನವನ ಲೆಕ್ಕ, ಊರಿಗೆ ಕಳಿಸುವ ಮನಿಯಾರ್ಡರ್, ಒಪ್ಪಂದದ ಕಾಗದ. ಅಂಗೈ ಬೆವರುತ್ತದೆ. ಕಾರ್ಬನ್ನಿನ ನೀಲಿ ಬೆರಳ ತುದಿಗೆ ಹತ್ತಿದ್ದು ಹಣೆಗೂ ಹತ್ತುತ್ತದೆ. ಯಾರ ಬಳಿ ಹೋಗಿ ಕೇಳುತ್ತೀರಿ? "ನನಗೆ ಸುಳ್ಳಿಗೆ ಸಮನಾದ ಮೌನ ಓದಲು ಹೇಳಿದ್ದಾರೆ" ಎಂದು ದೂರು ಕೊಡಲು ಒಂದು ಮಂಡಳಿಯಿದೆಯೇ, ಒಂದು ಕಾನೂನಿನ ಕಲಮು ಇದೆಯೇ? ಇಲ್ಲ. ನಿಮ್ಮ ಮೇಲೆ ಅವರು, ಅವರ ಮೇಲೆ ಇನ್ನೊಬ್ಬರು, ಎಲ್ಲರ ಮೇಲೆ ಮಂತ್ರಿ.

ಆ ಮಂತ್ರಿಯ ಕಥೆಯೂ ಇದೇ ದಿನ ದೆಹಲಿಯಲ್ಲಿ ನಡೆಯುತ್ತಿದೆ. ವಾರ್ತಾ ಮತ್ತು ಪ್ರಸಾರ ಖಾತೆಯ ಇಂದ್ರಕುಮಾರ ಗುಜ್ರಾಲರಿಗೆ ಪ್ರಧಾನಿಯ ಮಗ ಸಂಜಯ್, ಪ್ರಸಾರಕ್ಕೆ ಮೊದಲೇ ಬುಲೆಟಿನ್ ತಮಗೆ ತೋರಿಸಬೇಕೆನ್ನುತ್ತಾರೆ. ಗುಜ್ರಾಲರು ಒಪ್ಪುವುದಿಲ್ಲ. ಎರಡು ಮೂರು ದಿನಗಳಲ್ಲಿ ಅವರ ಖಾತೆ ಹೋಗುತ್ತದೆ. ಆ ಜಾಗಕ್ಕೆ ವಿದ್ಯಾಚರಣ ಶುಕ್ಲರು ಬರುತ್ತಾರೆ. ಮಂತ್ರಿಗೇ ಎರಡು ಮೂರು ದಿನ. ನಿಮಗೆ ಎಷ್ಟು?

ಹದಿನೈದು ನಿಮಿಷ. ಹತ್ತು. ಆ ಸಾಲಿನ ಮೇಲೆ ನೀಲಿ ಗೆರೆ ಬಿದ್ದ ಹಾಳೆ ನಿಮ್ಮ ಕೈಯಲ್ಲಿದೆ. ಐದು. ಸ್ಟುಡಿಯೋದ ದಪ್ಪ ಬಾಗಿಲು ನೂಕುತ್ತೀರಿ. ಏರ್‌ಕಂಡೀಷನಿನ ತಣ್ಣನೆ ಗಾಳಿ ಬೆವತ ಕುತ್ತಿಗೆಗೆ ಹೊಡೆಯುತ್ತದೆ. ಹೊರಗಿನ ಸದ್ದೆಲ್ಲ ಒಮ್ಮೆಲೇ ಸತ್ತುಹೋಗಿ ನಿಮ್ಮ ಎದೆಬಡಿತವೇ ಕೇಳತೊಡಗುತ್ತದೆ. ಕುರ್ಚಿ ಎಳೆಯುತ್ತೀರಿ. ಗಂಟಲು ಸರಿಮಾಡಿಕೊಳ್ಳುತ್ತೀರಿ. ಒಂದು ಗುಟುಕು ನೀರು. ಗಾಜಿನಾಚೆ ಎಂಜಿನಿಯರ್ ಕೈ ಎತ್ತಿದ್ದಾನೆ. ಅವನ ಹಿಂದೆ ನಿಮ್ಮ ಮೇಲಿನವರು ನಿಂತಿದ್ದಾರೆ. ಎಂದೂ ಅಲ್ಲಿ ನಿಲ್ಲದವರು.

ಕೈ ಇಳಿಯುತ್ತದೆ. ಕೆಂಪು ದೀಪ.

"ಆಕಾಶವಾಣಿ ಬೆಂಗಳೂರು. ಪ್ರದೇಶ ಸಮಾಚಾರ."

ದನಿ ನಡುಗಲಿಲ್ಲ. ಅದೇ ನಿಮಗೆ ಆಶ್ಚರ್ಯ. ಮೊದಲ ಸುದ್ದಿ, ಎರಡನೆಯದು, ಮೂರನೆಯದು. ಕಣ್ಣು ಹಾಳೆಯ ಮೇಲೆ ಇಳಿಯುತ್ತಿದೆ. ಆ ಸಾಲು ಬಂತು. ನೀಲಿ ಗೆರೆಯ ಕೆಳಗೆ ನಾಲ್ಕೂ ಹೆಸರು ಸ್ಪಷ್ಟವಾಗಿ ಕಾಣುತ್ತವೆ. ಹೆಬ್ಬೆರಳು ತಾನಾಗಿ ಅದರ ಮೇಲೆ ಹೋಗಿ ಕೂರುತ್ತದೆ. ನೀವು ಉಸಿರೆಳೆದುಕೊಳ್ಳುತ್ತೀರಿ. ಆ ಉಸಿರಿನಷ್ಟು ಮೌನ ಕರ್ನಾಟಕದ ಮೇಲೆಲ್ಲ ಹರಡುತ್ತದೆ.

ಮುಂದಿನ ಸುದ್ದಿ ಓದುತ್ತೀರಿ.

ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ಅಲ್ಲಿ ಕುಳಿತಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ ಎಂಬ ಭಯದಿಂದಲೇ ಇದನ್ನು ಬರೆಯುತ್ತಿದ್ದೇನೆ. ಖಾಸಗಿ ಪತ್ರಿಕೆಗಳು ನಿಮಗಿಂತ ಹೆಚ್ಚು ಧೈರ್ಯ ತೋರಿದವೇ ಎಂದರೆ, ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ತೋರಿಸಿದ ಇಂಡಿಯನ್ ಎಕ್ಸ್‌ಪ್ರೆಸ್‌ನಂಥವು ಬೆರಳೆಣಿಕೆಯವು. ಸ್ವಂತ ಬಂಡವಾಳ, ಸ್ವಂತ ಮುದ್ರಣ ಯಂತ್ರ ಇದ್ದವರೂ ಬಹುಪಾಲು ತಲೆಬಾಗಿದರು. ಹಾಗಾಗಿ ಸರ್ಕಾರದ ದುಡ್ಡು ಉಂಡದ್ದಕ್ಕೇ ನಿಮ್ಮ ನಾಲಗೆ ಬಿದ್ದುಹೋಯಿತು ಎಂದು ಸುಲಭವಾಗಿ ಹೇಳಲಾರೆ.

ಅಷ್ಟಕ್ಕೂ ಆ ದುಡ್ಡು ಯಾರದು? ಅಂದು ಕೆಲಸ ಮುಗಿಸಿ, ಬಿಟಿಎಸ್ ಬಸ್ಸಿಳಿದು ಮಲ್ಲೇಶ್ವರದ ವಠಾರಕ್ಕೆ ಬರುತ್ತೀರಿ. ಮೊದಲ ಮನೆಯ ಮೇಷ್ಟ್ರು ಜಗಲಿಯಲ್ಲಿ ಕುಳಿತಿದ್ದಾರೆ. ನಿವೃತ್ತರಾಗಿ ಹತ್ತು ವರ್ಷ ಆಗಿದೆ, ದಿನವೂ ನಿಮ್ಮ ದನಿ ಕೇಳಿಯೇ ಊಟಕ್ಕೆ ಏಳುವವರು. ಅವರ ರೇಡಿಯೋದ ಪಕ್ಕದಲ್ಲಿ ಒಂದು ಪುಟ್ಟ ಪುಸ್ತಕವಿದೆ. ಅದು ರೇಡಿಯೋ ಲೈಸೆನ್ಸು. ವರ್ಷಕ್ಕೊಮ್ಮೆ ಅಂಚೆ ಕಚೇರಿಯ ಸಾಲಿನಲ್ಲಿ ನಿಂತು, ಪೆನ್ಷನ್ನಿನ ದುಡ್ಡಿನಲ್ಲಿ ಶುಲ್ಕ ಕಟ್ಟಿ, ಠಸ್ಸೆ ಹಾಕಿಸಿಕೊಂಡು ಬರುತ್ತಾರೆ. ಪುಟಗಳ ಅಂಚು ಎಣ್ಣೆಗೈಗೆ ಕಂದಿದೆ. ಪ್ರತಿ ವರ್ಷದ ಠಸ್ಸೆ, ಒಂದರ ಕೆಳಗೊಂದು. ನಿಮ್ಮ ಸಂಬಳದ ಒಂದು ಕಾಳು ಈ ಪುಸ್ತಕದೊಳಗಿಂದ ಬಂದದ್ದು.

"ಏನಪ್ಪಾ, ಶಾಸಕರ ಭವನದ ಹತ್ತಿರ ಏನೋ ಆಯ್ತಂತೆ? ನಿಮ್ಮ ಸುದ್ದೀಲಿ ಏನೂ ಬರ್ಲಿಲ್ಲ?"

ಚಪ್ಪಲಿ ಬಿಚ್ಚುವ ನೆವದಲ್ಲಿ ತಲೆ ತಗ್ಗಿಸುತ್ತೀರಿ. "ಗೊತ್ತಿಲ್ಲ ಮೇಷ್ಟ್ರೇ."

ಇಂದಿನ ಮೊದಲ ಸುಳ್ಳು ಇದು. ಸ್ಟುಡಿಯೋದಲ್ಲಿ ಬರೀ ಮೌನವಿತ್ತು.

ರಾತ್ರಿ ಮೇಷ್ಟ್ರ ಮನೆಯ ಕಿಟಕಿ ಮುಚ್ಚಿಕೊಳ್ಳುತ್ತದೆ. ಗೋಡೆಯಾಚೆಯಿಂದ ಶಾರ್ಟ್‌ವೇವಿನ ಕುಯ್ಯೆನ್ನುವ ಸದ್ದು, ಅಲೆಯಂತೆ ಏರಿಳಿಯುವ ದನಿ. ಬಿಬಿಸಿ. ನಿಮ್ಮ ಊರಿನ ಸುದ್ದಿಗಾಗಿ ನಿಮ್ಮ ಕೇಳುಗ ಲಂಡನ್ನಿಗೆ ಕಿವಿ ಕೊಟ್ಟಿದ್ದಾನೆ. ಚಾಪೆಯ ಮೇಲೆ ಮಲಗಿ ಆ ಸದ್ದು ಕೇಳುವಾಗ ಆಗುವ ನಾಚಿಕೆ ಮೈಯೊಳಗೆ ಬಿಸಿಯಾಗಿ ಹರಿಯುತ್ತದೆ.

ಆದರೆ ಒಂದು ವಿಷಯ ಗಮನಿಸಿ. ಗೋಡೆಯಾಚೆ ಮಾತಾಡುತ್ತಿರುವ ಆ ರೇಡಿಯೋ ಕೂಡ ಸಾರ್ವಜನಿಕ ದುಡ್ಡಿನದೇ. ಹೊರದೇಶಗಳಿಗೆ ಹೋಗುವ ಬಿಬಿಸಿ ಸೇವೆ ಆಗ ನಡೆಯುತ್ತಿದ್ದುದು ಬ್ರಿಟಿಷ್ ವಿದೇಶಾಂಗ ಕಚೇರಿಯ ಅನುದಾನದಲ್ಲಿ. ಇಬ್ಬರೂ ಖಜಾನೆಯ ಅನ್ನ ತಿನ್ನುವವರೇ, ಆದರೆ ಮೇಷ್ಟ್ರು ನಂಬುವುದು ಬಿಬಿಸಿಯೊಂದನ್ನೇ. ಈ ವ್ಯತ್ಯಾಸ ಎಲ್ಲಿಂದ ಬಂತು? ಬ್ರಿಟಿಷರ ರಕ್ತದಿಂದಂತೂ ಅಲ್ಲ. 1926ರ ಸಾರ್ವತ್ರಿಕ ಮುಷ್ಕರದಲ್ಲಿ ಇದೇ ಬಿಬಿಸಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ಸಂಧಾನದ ಮನವಿಯನ್ನು ಪ್ರಸಾರ ಮಾಡಲು ಹಿಂಜರಿಯಿತು. ಅದರ ಮುಖ್ಯಸ್ಥ ಜಾನ್ ರೀತ್ ಸರ್ಕಾರದ ಮರ್ಜಿ ನೋಡಿಕೊಂಡೇ ನಡೆದರು. ಮೂವತ್ತು ವರ್ಷದ ನಂತರ, 1956ರಲ್ಲಿ, ಸೂಯೆಜ್ ಮೇಲೆ ಬ್ರಿಟನ್ ದಾಳಿ ಮಾಡಿದಾಗ ಪ್ರಧಾನಿ ಈಡನ್‌ಗೆ ಉತ್ತರವಾಗಿ ವಿರೋಧ ಪಕ್ಷದ ನಾಯಕ ಗೇಟ್‌ಸ್ಕೆಲ್ ಮಾತಾಡಲು ಅದೇ ಸಂಸ್ಥೆ ಮೈಕು ಕೊಟ್ಟಿತು. ಅನುದಾನ ಕತ್ತರಿಸುತ್ತೇವೆಂಬ ಬೆದರಿಕೆ ಬಂತು, ವಿದೇಶಾಂಗ ಕಚೇರಿಯ ಮನುಷ್ಯನೊಬ್ಬ ಒಳಗೇ ಬಂದು ಕುಳಿತ. ಆದರೂ ಅವರು "ಆಗದು" ಎನ್ನಲು ಆದದ್ದು ಅವರ ಮತ್ತು ಮಂತ್ರಿಯ ನಡುವೆ ಒಂದು ಸನ್ನದು, ಒಂದು ಮಂಡಳಿ, ಒಂದು ಗೋಡೆ ಇದ್ದದ್ದರಿಂದ. ನಿಮ್ಮ ಗಾಜಿನಾಚೆ ಇದ್ದದ್ದು ನಾಮಕರಣದ ಪಾಯಸ ಉಂಡ ಒಬ್ಬ ಹೆದರಿದ ಮನುಷ್ಯ ಮಾತ್ರ.

ಆ ಲಂಡನ್ ದನಿಗೂ ಇಲ್ಲಿ ಹೆಚ್ಚು ದಿನ ಉಳಿಗಾಲವಿಲ್ಲ. ಸೆನ್ಸಾರ್ ಷರತ್ತಿಗೆ ಸಹಿ ಹಾಕಲು ಬಿಬಿಸಿ ಒಪ್ಪದೆ, ಅದರ ದೆಹಲಿ ವರದಿಗಾರ ಮಾರ್ಕ್ ಟಲಿ ಅದೇ ವರ್ಷ ದೇಶ ಬಿಟ್ಟು ಹೋಗಬೇಕಾಗುತ್ತದೆ.

ತಿಂಗಳುಗಳು ಸರಿಯುತ್ತವೆ. ಸೆಪ್ಟೆಂಬರಿನಲ್ಲಿ ಪ್ರಧಾನಿ ಆಕಾಶವಾಣಿಯ ಕೇಂದ್ರ ನಿರ್ದೇಶಕರನ್ನು ಕೂರಿಸಿಕೊಂಡು, ಇದು ಸರ್ಕಾರದ ಅಂಗ, ಮುಂದೆಯೂ ಹಾಗೇ ಇರುತ್ತದೆ ಎಂದು ನೇರವಾಗಿ ಹೇಳುತ್ತಾರೆ. 1976ರ ಫೆಬ್ರುವರಿಯಲ್ಲಿ ಸುದ್ದಿಸಂಸ್ಥೆಗಳನ್ನೆಲ್ಲ ಬೆಸೆದು 'ಸಮಾಚಾರ್' ಎಂದು ಒಂದೇ ಮಾಡುತ್ತಾರೆ. ಟೆಲಿಪ್ರಿಂಟರಿನ ಕಟಕಟಕ್ಕೆ ಈಗ ಒಂದೇ ತಾಳ. ಮೇ ತಿಂಗಳಲ್ಲಿ ರೇಡಿಯೋದಲ್ಲಿ ಗಾಯಕ ಕಿಶೋರ್ ಕುಮಾರರ ಹಾಡುಗಳು ನಿಲ್ಲುತ್ತವೆ. ಸರ್ಕಾರದ ಕಾರ್ಯಕ್ರಮಕ್ಕೆ ಹಾಡಲು ಒಪ್ಪದ್ದು ಅವರ ತಪ್ಪು. ಕನ್ನಡದಲ್ಲೂ ಒಂದು ಹಾಡು ಹಾಡಿಹೋದ ಕಂಠ ಅದು. ಅಂಥ ಕಂಠಕ್ಕೇ ಬೀಗ ಬಿದ್ದ ಮೇಲೆ ನಿಮ್ಮ ಮೌನಕ್ಕೆ ಯಾರು ಬೆಲೆ ಕಟ್ಟುತ್ತಾರೆ?

ನಿಮಗೆ ಈಗ ಫೋನು ಬರುವುದೇ ಇಲ್ಲ. ಬರುವ ಅಗತ್ಯವಿಲ್ಲ. ಯಾವ ಸಾಲು ಬೇಡವೆಂದು ಪೆನ್ಸಿಲಿಗೇ ಗೊತ್ತಿದೆ. 1976ರ ಡಿಸೆಂಬರ್ ಒಂದೇ ತಿಂಗಳಲ್ಲಿ ಆಕಾಶವಾಣಿಯ ವಾರ್ತೆಗಳು ಕಾಂಗ್ರೆಸ್ ವಕ್ತಾರರಿಗೆ 2,207 ಸಾಲು ಕೊಟ್ಟವು, ವಿರೋಧ ಪಕ್ಷದವರಿಗೆ 34. ಈ ಲೆಕ್ಕ ಮುಂದೆ ಸರ್ಕಾರವೇ ಹೊರತರುವ ಶ್ವೇತಪತ್ರದಲ್ಲಿ ಬರುತ್ತದೆ. ಆ 34ರಲ್ಲಿ ನೀವು ಬರೆದದ್ದು ಒಂದಾದರೂ ಇತ್ತೇ ಎಂದು ನೆನಪಿಸಿಕೊಳ್ಳಲು ನೋಡುತ್ತೀರಿ. ನೆನಪಾಗುವುದಿಲ್ಲ.

1977ರ ಮಾರ್ಚ್ 20ರ ರಾತ್ರಿ. ಚುನಾವಣೆಯ ಎಣಿಕೆ. ಡ್ಯೂಟಿ ರೂಮಿನಲ್ಲಿ ಬೀಡಿ, ಸಿಗರೇಟಿನ ಹೊಗೆ ಕಟ್ಟಿಕೊಂಡಿದೆ. ಉತ್ತರದಲ್ಲಿ ಸರ್ಕಾರ ಕುಸಿಯುತ್ತಿದೆ. ನಮ್ಮ ರಾಜ್ಯದಲ್ಲಿ ಮಾತ್ರ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ. ರಾಯಬರೇಲಿಯಲ್ಲಿ ಪ್ರಧಾನಿಯೇ ಸೋತರಂತೆ ಎಂಬ ಮಾತು ಫೋನಿನಿಂದ ಫೋನಿಗೆ ಹಾರುತ್ತಿದೆ. ದೆಹಲಿಯಲ್ಲಿ ಜನ ಪತ್ರಿಕಾ ಕಚೇರಿಗಳ ಮುಂದೆ ಜಮಾಯಿಸಿದ್ದಾರೆ. ರೇಡಿಯೋ ಮಾತ್ರ ಆ ಸುದ್ದಿ ಹೇಳಲು ತಡಮಾಡುತ್ತದೆ. ಒಂದು ಗಂಟೆ. ಎರಡು. ಕಾಯುತ್ತ ಕಾಯುತ್ತ ನೀವು ಉಗುರು ಕಚ್ಚುತ್ತೀರಿ. ಬೆಳಗಾಗುವುದರೊಳಗೆ ಎಲ್ಲ ಗೊತ್ತಾಗುತ್ತದೆ: ಪ್ರಧಾನಿ ಸೋತಿದ್ದಾರೆ, ತುರ್ತು ಪರಿಸ್ಥಿತಿ ಹಿಂತೆಗೆದಿದ್ದಾರೆ. ಅಟೆಂಡರ್ ಯಾರೂ ಕೇಳದೆಯೇ ಎಲ್ಲರಿಗೂ ಕಾಫಿ ತರುತ್ತಾನೆ.

ಕೆಲವೇ ದಿನಗಳಲ್ಲಿ ನಿಮ್ಮ ಇಲಾಖೆಗೆ ಹೊಸ ಮಂತ್ರಿ ಬರುತ್ತಾರೆ. ಹೆಸರು ಎಲ್. ಕೆ. ಅಡ್ವಾಣಿ. ನಿಮ್ಮ ಹೆಬ್ಬೆರಳಿನ ಕೆಳಗೆ ಇದ್ದ ಎರಡನೇ ಹೆಸರು.

ಅವರು ಸ್ವಾಯತ್ತತೆಯ ಮಾತಾಡುತ್ತಾರೆ, ಮನಸಿಟ್ಟೇ ಆಡುತ್ತಾರೆ. ಪತ್ರಕರ್ತ ಬಿ. ಜಿ. ವರ್ಗೀಸರ ಸಮಿತಿ ಕೂರುತ್ತದೆ. 'ಆಕಾಶ ಭಾರತಿ' ಎಂಬ ಸ್ವತಂತ್ರ ನ್ಯಾಸವಾಗಲಿ ಎಂದು 1978ರಲ್ಲಿ ವರದಿ ಕೊಡುತ್ತದೆ. ಮರುವರ್ಷದ ಮಸೂದೆ ತೆಳ್ಳಗಾಗಿ ಬಂದು, ಲೋಕಸಭೆಯ ಜೊತೆಗೇ ಬಿದ್ದುಹೋಗುತ್ತದೆ. ಪ್ರಸಾರ ಭಾರತಿ ಕಾಯ್ದೆ ಆಗುವುದು 1990ರಲ್ಲಿ, ಜಾರಿಗೆ ಬರುವುದು 1997ರಲ್ಲಿ. ಆಗ ಪ್ರಧಾನಿಯಾಗಿದ್ದವರು, ಅಂದು ಬುಲೆಟಿನ್ ತೋರಿಸಲೊಪ್ಪದ ಅದೇ ಗುಜ್ರಾಲರು. ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಕಟ್ಟಿದ್ದು ಅರ್ಧ ಗೋಡೆ ಎಂದೇ ಹೇಳಬೇಕು. ಸಂಬಳ ಸರ್ಕಾರದ ಅನುದಾನದಿಂದಲೇ ಬರುತ್ತದೆ. ಇದನ್ನು ಪ್ರಸಾರ ಮಾಡು, ಇದನ್ನು ಮಾಡಬೇಡ ಎಂದು ನಿರ್ದೇಶಿಸುವ ಅಧಿಕಾರ 23ನೇ ಕಲಮಿನಲ್ಲಿ ಉಳಿದೇ ಇದೆ. ಖಾಸಗಿ ಎಫ್‌ಎಂ ಕೇಂದ್ರಗಳು ಇಂದಿಗೂ ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯದನ್ನು ಮರುಪ್ರಸಾರ ಮಾಡಬಹುದಷ್ಟೇ. ಸಾರ್ವಜನಿಕ ದುಡ್ಡು ಸ್ವತಂತ್ರ ಸುದ್ದಿಯನ್ನು ಸಾಕಬಲ್ಲುದು ಎಂದೇ ನಾನು ನಂಬಿದ್ದೇನೆ, ಮೇಷ್ಟ್ರ ಪೆನ್ಷನ್ನಿನ ಕಾಸು ಅದಕ್ಕೆಂದೇ ಬಂದದ್ದು. ಆ ಕಾಸು ಅಂಚೆ ಕಚೇರಿಯಿಂದ ನಿಮ್ಮ ಮೇಜಿಗೆ ಬರುವ ದಾರಿಯಲ್ಲಿ ಮಂತ್ರಿಯ ಕೈ ದಾಟಬೇಕಾಗಿ ಬಂದದ್ದೇ ನಮ್ಮ ಕೇಡು.

ಇದೆಲ್ಲ ಮುಂದಿನದು. ನೀವಿನ್ನೂ 1977ರ ಏಪ್ರಿಲಿನ ಒಂದು ಸಂಜೆಯಲ್ಲಿದ್ದೀರಿ. ಕಿಟಕಿ ತೆರೆದಿದೆ, ಹೊರಗೆ ಮಳೆಮರದ ಹೂವಿನ ವಾಸನೆ. ಹಳೆಯ ಬುಲೆಟಿನ್ನುಗಳ ಫೈಲು ತೆಗೆಯುತ್ತೀರಿ. ಜೂನ್ 26ರ ಕಾರ್ಬನ್ ಪ್ರತಿ ಸಿಗುತ್ತದೆ. ಗೆರೆ ಎಳೆದದ್ದು ಮೇಲಿನ ಹಾಳೆಯ ಮೇಲೆ ಮಾತ್ರ. ಕೆಳಗಿನ ಪ್ರತಿಯಲ್ಲಿ ನಾಲ್ಕೂ ಹೆಸರು ಹೊಡೆತ ತಿನ್ನದೆ ಹಾಗೇ ಇವೆ, ನೀಲಿ ಸ್ವಲ್ಪ ಮಾಸಿದೆ. ಬೆರಳು ಸವರಿದರೆ ಪೆನ್ಸಿಲು ಒತ್ತಿದ ಗುರುತು ತಾಗುತ್ತದೆ.

ಫೈಲು ಮುಚ್ಚಿ ಇವತ್ತಿನ ಬುಲೆಟಿನ್ನಿಗೆ ಕೂರುತ್ತೀರಿ. ಮೇಜಿನ ಮೇಲೆ ಎರಡು ಕಾಗದಗಳಿವೆ. ಒಂದು, ಕುಡಿಯುವ ನೀರಿಲ್ಲದೆ ಜನ ತಹಶೀಲ್ದಾರರ ಕಚೇರಿಗೆ ಹೋದ ಸುದ್ದಿ. ಇನ್ನೊಂದು, ಹೊಸ ಮಂತ್ರಿಗಳ ಭಾಷಣ. ಯಾವುದು ಮೊದಲು? ಗಾಜಿನಾಚೆ ಯಾರೂ ನಿಂತಿಲ್ಲ. ಫೋನು ಮೊಳಗಿಲ್ಲ. ಬೆಳಗಿನಿಂದ ಒಮ್ಮೆಯೂ ಮೊಳಗಿಲ್ಲ.

ನಿಮ್ಮ ಕೈ ಮಂತ್ರಿಗಳ ಕಾಗದವನ್ನು ಎತ್ತಿ ಮೇಲಿಡುತ್ತದೆ. ಆಮೇಲೆ ಅಲ್ಲೇ ನಿಲ್ಲುತ್ತದೆ. ಬುಲೆಟಿನ್ನಿಗೆ ಇನ್ನು ಇಪ್ಪತ್ತು ನಿಮಿಷವಿದೆ.